ಕಚ್ಚಿದ ಸೆಲ್ಲು

ನಾನು ಕಾನಸೂರಿನ ರಾತ್ರಿಶಾಲೆಗೆ ಹೋಗುತ್ತಿದ್ದಾಗ ನಡೆದದ್ದು ಇದು. ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಸೊಸೆ ದಿವ್ಯಾ ನನಗೊಂದು ಪುಟ್ಟ ದೀಪ ಮಾಡುವುದನ್ನು ಕಲಿಸಿದ್ದಳು. ಬಳೆಯಂಥ ಕಪ್ಪು ಫೆರೈಟ್ ತುಂಡಿಗೆ ತಂತಿ ಸುತ್ತಿ ಒಂದು ಟ್ರಾನ್ಸಿಸ್ಟರ್ ಬೆಸೆದರೆ, ರೇಡಿಯೋಗೆ ಸಾಲದ ಪೆನ್ಸಿಲ್ ಸೆಲ್ಲಿನಲ್ಲೂ ಎಲ್‌ಇಡಿ ಉರಿಯುತ್ತದೆ. ಕರೆಂಟು ಹೋದಾಗ ಅದರ ಬೆಳಕಲ್ಲೇ ನನ್ನ ಓದು.

ಪರೀಕ್ಷೆಯ ಹಿಂದಿನ ಸಂಜೆ, ಒಂದು ಪಾಠ ಉಳಿದಿರುವಾಗ, ದೀಪ ಆರಿತು. ಮನೆಯಲ್ಲಿ ಬೇರೆ ಸೆಲ್ಲಿರಲಿಲ್ಲ.

“ಪೂರಾ ಸತ್ತೋಯ್ತು ಅತ್ತೆ. ಮಾವ ಇದ್ದಿದ್ರೆ ಕಚ್ಚಿ ಕೊಡ್ತಿದ್ರು,” ಎಂದು ದಿವ್ಯಾ ನಕ್ಕಳು.

ಸೋತ ಸೆಲ್ಲನ್ನು ಕಚ್ಚಿ ಇನ್ನೆರಡು ದಿನ ನಡೆಸುವುದು ನಮ್ಮನೆಯವರ ಅಭ್ಯಾಸವಾಗಿತ್ತು. ಮುಂದಿನ ಹಲ್ಲೊಂದು ಬಿದ್ದ ಮೇಲೂ ಬಿಟ್ಟಿರಲಿಲ್ಲ. ಈ ಸೆಲ್ಲು ತಂದದ್ದು ಅವರು ತೀರಿಕೊಂಡ ಮೇಲೆ.

ಇಬ್ಬರೂ ಒಳಗೆ ಹೋಗಿ ಚಾ ಕುಡಿದು ಬಂದರೆ, ದೀಪ ಉರಿಯುತ್ತಿತ್ತು. ಸೆಲ್ಲು ತೆಗೆದು ನೋಡಿದೆ. ಬೆಚ್ಚಗೆ, ತುಸು ಒದ್ದೆಯಾಗಿತ್ತು. ಅದರ ಮೈಮೇಲೆ ಹಲ್ಲಿನ ಗುರುತು, ನಡುವೆ ಒಂದು ಹಲ್ಲಿನ ಜಾಗ ಖಾಲಿ.

“ನೀವೇ ಕಚ್ಚಿದ್ದಲ್ವಾ ಅತ್ತೆ?” ದಿವ್ಯಾ ಕೇಳಿದಳು.

“ಎಂತದ್ರಲ್ಲಿ ಕಚ್ಲಿ ಮಾರಾಯ್ತಿ?” ಎಂದು ನನ್ನ ಬೊಚ್ಚುಬಾಯಿ ತೆರೆದು ತೋರಿಸಿದೆ.

ಆಮೇಲೆ ಸೆಲ್ಲನ್ನು ಮತ್ತೆ ಹಾಕಿ, ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಪಾಠ ಮುಗಿಯುವವರೆಗೂ ದೀಪ ಆರಲಿಲ್ಲ.