ಪರದೆಯ ಹಿಂದೆ ಹೋದ ಕಾರ್ಡು

ಜೂನ್ ಹತ್ತು, ಸೋಮವಾರ. ಬೆಳಿಗ್ಗೆ ಪಾಳೈಯಂಕೋಟ್ಟೈ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರು ತಂದವಳು ಇಸಕ್ಕಿ ಸೆಲ್ವಿ, ವಯಸ್ಸು ಇಪ್ಪತ್ಮೂರು. ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಟೆಕ್ನೀಷಿಯನ್.

"ದುಡ್ಡು ಹೋಯ್ತಾ?" ಹೆಡ್ ಕಾನ್‌ಸ್ಟೇಬಲ್ ಸುಡಲೈಮುತ್ತು ಕೇಳಿದ.

"ಇಲ್ಲ ಅಣ್ಣಾಚ್ಚಿ."

"ಕಾರ್ಡು?"

"ಇಲ್ಲೇ ಇದೆ."

"ಮತ್ತೆ ಏನು ಹೋಯ್ತಮ್ಮ?"

"ಏನೂ ಹೋಗಿಲ್ಲ. ಹೋಗಬೇಕಿತ್ತು, ಹೋಗಲಿಲ್ಲ."

ಸುಡಲೈಮುತ್ತು ಪೆನ್ನು ಕೆಳಗಿಟ್ಟ. ಬಸ್ಸಿನಲ್ಲಿ ಜೇಬು ಕತ್ತರಿಸಿಕೊಂಡವರಿಬ್ಬರು ಹಿಂದೆ ಕಾಯುತ್ತಿದ್ದರು. "ಹೋಗಿರೋದರ ದೂರೇ ಬೆಟ್ಟದಷ್ಟಿದೆ. ಹೋಗದೆ ಇರೋದಕ್ಕೂ ದೂರು ಬರ್ಕೊಂಡು ಕೂತ್ರೆ ನಾನು ಮನೆಗೆ ಹೋಗೋದು ಯಾವಾಗ?"

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ತವಮಣಿಗೆ ಈ ಮಾತು ಕೇಳಿಸಿತು. ಅವರು ಈ ಠಾಣೆಗೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಹುಡುಗಿಯನ್ನು ಒಳಗೆ ಕರೆದು ಕೂರಿಸಿದರು.

ಸೆಲ್ವಿ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಹಿಂದಿನ ಸಂಜೆ ಬಂದ ಸಂದೇಶ. ವಿದೇಶದ ಆಟದ ಸೈಟೊಂದರಲ್ಲಿ ಯಾರೋ ಅವಳ ಕ್ರೆಡಿಟ್ ಕಾರ್ಡಿನಿಂದ ಕೊಳ್ಳಲು ನೋಡಿದ್ದರು. ವಿದೇಶಿ ಬಳಕೆ ಮುಚ್ಚಿದ್ದರಿಂದ ಬ್ಯಾಂಕು ನಿರಾಕರಿಸಿತ್ತು. ಅವಳು ಆಗಲೇ ಫೋನ್ ಮಾಡಿ ಕಾರ್ಡನ್ನು ನಿಲ್ಲಿಸಿದ್ದಳು.

"ಕಾರ್ಡ್ ನಿಲ್ಲಿಸಿ ಆಯ್ತಲ್ಲ. ನಮ್ಮಿಂದ ಏನಾಗಬೇಕು?"

"ನನ್ನದರಲ್ಲಿ ಆಗಲಿಲ್ಲ ಅಂತ ಅವನು ಕೈಕಟ್ಟಿ ಕೂರ್ತಾನಾ ಮೇಡಂ? ಬೇರೆಯವರದ್ದು ಹೋಗಿರುತ್ತೆ. ಎಷ್ಟೋ ಜನಕ್ಕೆ ಗೊತ್ತೂ ಆಗಿರಲ್ಲ."

ತವಮಣಿ ಸುಡಲೈಮುತ್ತುವನ್ನು ಕರೆದು ಎಫ್‌ಐಆರ್ ದಾಖಲಿಸಲು ಹೇಳಿದರು. ಹೇಳಿಕೆಯನ್ನು ತಾವೇ ಬರೆದುಕೊಂಡರು.

"ಕಾರ್ಡ್ ತಗೊಂಡಿದ್ದು ಯಾವಾಗ?"

"ಏಪ್ರಿಲ್‌ನಲ್ಲಿ. ನನ್ನ ಮೊದಲನೇ ಕಾರ್ಡು."

"ಯಾರು ಕೊಡಿಸಿದ್ರು?"

"ಯಾರೂ ಇಲ್ಲ. ಆಸ್ಪತ್ರೆ ಕ್ಯಾಂಟೀನಿಗೆ ಟೈ ಕಟ್ಕೊಂಡು ಒಬ್ಬ ಬರ್ತಿದ್ದ. ಈ ಕಾರ್ಡ್ ತಗೊಂಡ್ರೆ ವಿಮಾನ ನಿಲ್ದಾಣದಲ್ಲಿ ಊಟ ಬಿಟ್ಟಿ ಅಂದ. ನಾನು ಓಡಾಡೋದು ಟೌನ್ ಬಸ್ಸಲ್ಲಿ, ಬಸ್ ಸ್ಟ್ಯಾಂಡಲ್ಲಿ ಊಟ ಹಾಕೋ ಕಾರ್ಡಿದ್ರೆ ತಾ ಅಂದೆ. ಆಮೇಲೆ ಬರಲಿಲ್ಲ." ಅವಳು ನಕ್ಕಳು. "ಸಂಬಳ ಬರೋ ಬ್ಯಾಂಕಲ್ಲೇ ವಿಚಾರಿಸಿದೆ. ವರ್ಷದ ಶುಲ್ಕ ಇಲ್ಲದ್ದು ಒಂದಿತ್ತು. ಮಿತಿ ಒಂದು ಲಕ್ಷ ಕೊಟ್ರು. ನಾನೇ ಇಪ್ಪತ್ತು ಸಾವಿರಕ್ಕೆ ಇಳಿಸಿಕೊಂಡೆ."

"ಜನ ಏರಿಸಿ ಅಂತ ಕೇಳ್ತಾರೆ."

"ಖಾತೆಯಲ್ಲಿ ಇಲ್ಲದ್ದನ್ನ ಕಾರ್ಡಲ್ಲಿ ಉಜ್ಜಬಾರದು ಅಂತ ಇಟ್ಕೊಂಡಿದೀನಿ ಮೇಡಂ. ಬಿಲ್ ಪೂರ್ತಿ ಖಾತೆಯಿಂದ ತಾನಾಗೇ ಕಟ್ಟಾಗುತ್ತೆ. ಮುಂದೆ ಅಪ್ಪನಿಗೆ ಮನೆ ಕಟ್ಟಿಸೋಕೆ ಸಾಲ ಬೇಕು. ಬ್ಯಾಂಕಿನವರು ಆಗ ನನ್ನ ನಂಬಬೇಕಲ್ಲ."

"ಈವರೆಗೆ ಎಲ್ಲೆಲ್ಲಿ ಬಳಸಿದ್ದೀಯ?"

"ಮೂರೇ ಕಡೆ. ಅಪ್ಪನ ಗಾಡಿಗೆ ಹಾಕಿಸಿದಾಗ ಪೆಟ್ರೋಲ್ ಬಂಕಲ್ಲಿ ಮೆಷೀನು ಕೈಗೇ ಕೊಟ್ರು. ಔಷಧಿ ಅಂಗಡಿಯಲ್ಲಿ ಕಣ್ಣೆದುರಿಗೇ ಉಜ್ಜಿದ್ರು. ಅಪ್ಪನಿಗೆ ಕನ್ನಡಕ ಕೊಂಡಾಗ ಮಾತ್ರ, ಹೊರಗೆ ಸಿಗ್ನಲ್ ಸಿಗಲ್ಲ ಅಂತ ಕಾರ್ಡನ್ನ ಪರದೆ ಹಿಂದೆ ತಗೊಂಡು ಹೋದ್ರು. ನಾನೂ ಹಿಂದೆ ಹೋಗಬೇಕಿತ್ತು. ಅಪ್ಪ ಕನ್ನಡಿ ಮುಂದೆ ನಿಂತು ಹೇಗಿದೆ ಹೇಗಿದೆ ಅಂತಿದ್ರು."

ಅದೇ ದಿನ ಬ್ಯಾಂಕಿಗೆ ಪತ್ರ ಹೋಯಿತು. ಬುಧವಾರ ಉತ್ತರ ಬಂತು. ಅದೇ ಸೈಟಿಗೆ ಇದೇ ಊರಿನ ಇನ್ನೂ ಕೆಲವು ಕಾರ್ಡುಗಳಿಂದ ಹಣ ಹೋಗಿತ್ತು. ದೂರು ಕೊಟ್ಟವರು ಒಬ್ಬರೂ ಇರಲಿಲ್ಲ.

ಆ ಕಾರ್ಡುಗಳಲ್ಲೊಂದು ನಿವೃತ್ತ ಹೆಡ್‌ಮಾಸ್ಟರ್ ಪೊನ್ನಯ್ಯನವರದು. ಮಧ್ಯಾಹ್ನ ತವಮಣಿ ಅವರ ಮನೆಗೆ ಹೋದರು. ಮುದುಕರು ಬಾಗಿಲಲ್ಲೇ ನಿಂತು ಮಾತಾಡಿದರು.

"ದೂರು ಗೀರು ಏನೂ ಬೇಡಮ್ಮ. ಮನೆ ವಿಷಯ. ಅರವತ್ತು ಸಾವಿರ ಹೋಗಿದೆ, ಯಾರು ತೆಗೆದ್ರು ಅಂತ ನಮಗೆ ಗೊತ್ತು."

"ಯಾರು?"

ಅವರು ತಲೆ ತಗ್ಗಿಸಿದರು. "ಸೊಸೆ ಕನಗ. ಫೋನಲ್ಲಿ ತರಿಸೋದೆಲ್ಲ ಅವಳೇ. ಕಾರ್ಡಿನ ನಂಬರ್ ಗೊತ್ತಿರೋದು ಅವಳೊಬ್ಬಳಿಗೆ. ಕೇಳಿದ್ದಕ್ಕೆ ಅತ್ತು ಕರೆದು ಮಗುವನ್ನ ಎತ್ಕೊಂಡು ತೆಂಕಾಶಿಗೆ, ತವರಿಗೆ ಹೋದಳು."

"ಕಾರ್ಡನ್ನ ನೀವು ಯಾರ ಕೈಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಅಂಗಡಿಯಲ್ಲಿ?"

"ಅಂಗಡಿಯಲ್ಲಿ ಕೊಡದೆ ಹೇಗೆ? ಕಣ್ಣಿನ ಆಪರೇಷನ್ ಆದಮೇಲೆ ಈ ಕನ್ನಡಕ ತಗೊಂಡೆ." ಹೇಳುತ್ತ ಹೇಳುತ್ತ ಅವರ ಕೈ ಕನ್ನಡಕದ ಮೇಲೆಯೇ ನಿಂತಿತು. ಅಂಗಡಿ ಯಾವುದೆಂದು ಹೇಳಿದರು. ಸೆಲ್ವಿ ಹೇಳಿದ ಅಂಗಡಿಯೇ.

ಗುರುವಾರ ತವಮಣಿ ಸೆಲ್ವಿಯನ್ನು ಠಾಣೆಗೆ ಕರೆಸಿದರು. ತಮ್ಮ ಫೋನನ್ನು ಅವಳ ಮುಂದಿಟ್ಟರು. "ನಾಳೆ ನನ್ನ ಕಾರ್ಡು ಆ ಪರದೆ ಹಿಂದೆ ಹೋಗಬೇಕು. ನಿನ್ನದರ ಹಾಗೇ ಮಾಡಿಕೊಡು."

ಸೆಲ್ವಿ ಫೋನನ್ನು ಮುಟ್ಟಲಿಲ್ಲ. ಎಲ್ಲಿ ಒತ್ತಬೇಕೆಂದು ತೋರಿಸಿದಳು, ತವಮಣಿಯೇ ಒತ್ತಿದರು. ವಿದೇಶಿ ಬಳಕೆ ಮುಚ್ಚಿತು. ಮಿತಿ ಇಳಿಯಿತು. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಸುಡಲೈಮುತ್ತು ಹೇಳಿದ: "ನಾವು ಲಾಕಪ್ಪಿಗೆ ಬೀಗ ಹಾಕ್ತೀವಿ. ಈ ಹುಡುಗಿ ಗಾಳಿಗೇ ಬೀಗ ಹಾಕ್ತಾಳಲ್ಲ ಮೇಡಂ."

"ನಿಮಗೂ ಹಾಕಿಕೊಡ್ಲಾ ಅಣ್ಣಾಚ್ಚಿ?"

"ನನ್ನ ಖಾತೆ ನೋಡಿದ್ರೆ ಕಳ್ಳನೇ ನೂರು ರೂಪಾಯಿ ಹಾಕಿ ಹೋಗ್ತಾನೆ ತಾಯಿ."

ಜೂನ್ ಹದಿನಾಲ್ಕು, ಶುಕ್ರವಾರ. ತವಮಣಿ ಸಾದಾ ಸೀರೆಯುಟ್ಟು ಅಂಗಡಿಗೆ ಹೋದರು. ಸುಡಲೈಮುತ್ತು ಎದುರಿನ ಚಹಾ ಅಂಗಡಿಯಲ್ಲಿ ಕೂತ. ಗಲ್ಲಾದಲ್ಲಿ ವಯಸ್ಸಾದ ಮಾಲೀಕರಿದ್ದರು. ಕನ್ನಡಕ ತೋರಿಸಿದವನು ಇಪ್ಪತ್ತೈದರ ಆಸುಪಾಸಿನ ಯುವಕ. ಮಾಲೀಕರು ಅವನನ್ನು ಶೆಂಬಗರಾಜ್ ಎಂದು ಕರೆಯುತ್ತಿದ್ದರು. ಮಾತು ನಯ, ಕೆಲಸ ಚುರುಕು.

"ಕಾರ್ಡ್ ಕೊಡಿ ಅಕ್ಕಾ. ಮೆಷೀನು ಒಳಗಿದೆ, ಇಲ್ಲಿ ಸಿಗ್ನಲ್ ಸಿಗಲ್ಲ."

ತವಮಣಿ ಕೊಟ್ಟರು. ಅವನು ಪರದೆ ಸರಿಸಿ ಒಳಗೆ ಹೋದ. ಅವರು ಸದ್ದಿಲ್ಲದೆ ಹಿಂದೆಯೇ ಹೋಗಿ ಪರದೆ ಎತ್ತಿದರು. ಕಾರ್ಡು ಮೇಜಿನ ಮೇಲೆ ಬೆನ್ನು ಮೇಲಾಗಿ ಬಿದ್ದಿತ್ತು. ಶೆಂಬಗರಾಜ್ ಅದರ ಮೇಲೆ ಫೋನು ಹಿಡಿದಿದ್ದ.

"ಸಿಗ್ನಲ್ ಸಿಕ್ತಾ?"

ಅವನು ಓಡಲು ನೋಡಲಿಲ್ಲ. ಫೋನನ್ನು ತಾನಾಗಿ ಮೇಜಿನ ಮೇಲಿಟ್ಟ.

ಪಕ್ಕದಂಗಡಿಯ ಇಬ್ಬರನ್ನು ಸಾಕ್ಷಿಗಳನ್ನಾಗಿ ಕರೆಸಿ ಪಂಚನಾಮೆ ನಡೆಸಲಾಯಿತು. ಫೋನನ್ನು ಜಪ್ತಿ ಮಾಡಿ ಮೊಹರು ಹಾಕಲಾಯಿತು. ಅದರಲ್ಲಿ ಸೆಲ್ವಿಯ ಕಾರ್ಡಿನ ಫೋಟೋವೂ ಇತ್ತು, ಪೊನ್ನಯ್ಯನವರದೂ ಇತ್ತು. ಮಾಲೀಕರು ಕುರ್ಚಿಯಲ್ಲಿ ಕುಸಿದು, "ಈ ಹುಡುಗ ಗಲ್ಲಾದಿಂದ ಒಂದು ರೂಪಾಯಿ ಮುಟ್ಟಿದವನಲ್ಲಮ್ಮ" ಎಂದಷ್ಟೇ ಹೇಳುತ್ತಿದ್ದರು. ಮಧ್ಯಾಹ್ನ ಹನ್ನೆರಡೂಕಾಲಿಗೆ ಬಂಧನವಾಯಿತು.

"ಕಾರ್ಡಿಂದ ಏನು ಕೊಳ್ತಿದ್ದೆ?" ಠಾಣೆಯಲ್ಲಿ ತವಮಣಿ ಕೇಳಿದರು.

"ಮೊಬೈಲ್ ಆಟದಲ್ಲಿ ಬಳಸೋ ನಾಣ್ಯ. ಹೊರದೇಶದ ಸೈಟು ಓಟಿಪಿ ಕೇಳಲ್ಲ. ಆಡೋ ಹುಡುಗರಿಗೆ ಅರ್ಧ ಬೆಲೆಗೆ ಮಾರ್ತಿದ್ದೆ."

"ಬಂದ ದುಡ್ಡು?"

"ನನ್ನ ಕಾರ್ಡಿಗೆ ಕಟ್ಟಿದೆ."

ಇಪ್ಪತ್ತನೆಯ ವಯಸ್ಸಿನಲ್ಲಿ, ಜವಳಿ ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಕೂತ ಬ್ಯಾಂಕಿನವರು ಅವನಿಗೆ ಮೊದಲ ಕಾರ್ಡು ಕೊಟ್ಟಿದ್ದರು. ಬಾಣಂತಿ ಅಕ್ಕನಿಗೆಂದು ಅದರಲ್ಲಿ ಬಟ್ಟೆ ಒಗೆಯುವ ಯಂತ್ರ ಕೊಂಡ. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಎಂದು ಇದ್ದುದನ್ನೇ ಕಂತು ಎಂದುಕೊಂಡ. ತಿಂಗಳು ತಿಂಗಳು ಅಷ್ಟನ್ನೇ ಕಟ್ಟಿದ. ಉಳಿದದ್ದರ ಮೇಲೆ ಬಡ್ಡಿ ಬೆಳೆಯಿತು. ಅದನ್ನು ತೀರಿಸಲು ಇನ್ನೊಂದು ಕಾರ್ಡು ಬಂತು. ಸಂಬಳ ಎರಡಕ್ಕೂ ಸಾಲದಾದಾಗ, ದಿನವೂ ಕೈಗೆ ಬರುತ್ತಿದ್ದ ಬೇರೆಯವರ ಕಾರ್ಡುಗಳ ಮೇಲೆ ಕಣ್ಣು ಬಿತ್ತು.

"ನಾನು ಒಂದು ತಿಂಗಳೂ ತಪ್ಪಿಸಿಲ್ಲ ಮೇಡಂ," ಎಂದ. "ಹೇಳಿದ ದಿನಕ್ಕೆ ಕಟ್ಟಿದೀನಿ. ಆದ್ರೂ ಯಾಕೆ ಬೆಳೀತು ಅಂತ ನನಗೆ ಅರ್ಥವೇ ಆಗಲಿಲ್ಲ."

ಸಂಜೆ ಪೊನ್ನಯ್ಯನವರಿಗೆ ತವಮಣಿ ಫೋನ್ ಮಾಡಿ ತಿಳಿಸಿದರು. ಅವರು, "ತೆಂಕಾಶಿಗೆ ಈಗ ಬಸ್ ಇದೆಯಾಮ್ಮ?" ಎಂದು ಕೇಳಿದರು.

ಎಫ್‌ಐಆರ್ ಪ್ರತಿ ತೆಗೆದುಕೊಂಡು ಹೋಗಲು ಬಂದ ಸೆಲ್ವಿ, ಠಾಣೆಯ ಜಗಲಿಯಲ್ಲಿ ಊಟದ ಡಬ್ಬಿ ಹಿಡಿದು ಕೂತಿದ್ದ ಹೆಂಗಸನ್ನು ನೋಡಿದಳು. ಶೆಂಬಗರಾಜನ ಅಕ್ಕ ವಡಿವು. ಸುಡಲೈಮುತ್ತು ಅವನ ಸಾಲದ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಸೆಲ್ವಿ ಹೋಗಿ ಅವಳ ಪಕ್ಕ ಕೂತಳು.

"ಅಕ್ಕಾ, ಅವನು ಒಳಗಿದ್ರೂ ಬಡ್ಡಿ ನಿಲ್ಲಲ್ಲ. ಆ ಕನಿಷ್ಠ ಮೊತ್ತ ಕಟ್ತಾ ಕೂತ್ರೆ ತೀರೋದೂ ಇಲ್ಲ. ಅವನ ಸಹಿ ಇರೋ ಪತ್ರ ತಗೊಂಡು ಬ್ಯಾಂಕಿಗೆ ಹೋಗಿ, ಬಾಕಿಯನ್ನ ಕಡಿಮೆ ಬಡ್ಡಿಯ ಕಂತು ಮಾಡಿಕೊಡಿ ಅಂತ ಕೇಳಬೇಕು. ಎರಡೂ ಕಾರ್ಡ್ ಮುಚ್ಚಿಸಬೇಕು."

ವಡಿವು ಸೆರಗಿನಿಂದ ಮೂಗು ಒರೆಸಿಕೊಂಡು ಅವಳ ಮುಖ ನೋಡಿದಳು. "ನಿನ್ನ ದುಡ್ಡಿಗೂ ಕೈ ಹಾಕಿದ್ದನಂತಲ್ಲಮ್ಮ ಅವನು. ನನಗೆ ಯಾಕೆ ಇದನ್ನೆಲ್ಲ ಹೇಳ್ತಿದ್ದೀಯ?"

"ಅವನು ಮಾಡಿದ್ದಕ್ಕೆ ಕೋರ್ಟಿದೆ ಅಕ್ಕಾ. ಕರೆದಾಗ ನಾನು ಅಲ್ಲೂ ಇದ್ದದ್ದನ್ನೇ ಹೇಳ್ತೀನಿ. ಇದು ಬೇರೆ."

ವಡಿವು ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

"ಸೋಮವಾರ ನನಗೆ ಮಧ್ಯಾಹ್ನದ ಪಾಳಿ," ಎಂದಳು ಸೆಲ್ವಿ. "ಬೆಳಿಗ್ಗೆ ಬ್ಯಾಂಕಿನ ಹತ್ತಿರ ಬನ್ನಿ. ನಾನೂ ಬರ್ತೀನಿ."