ಉಲ್ಟಾ ಸುತ್ತುವವನು

"ರೀ ಸಾರ್, ಕಣ್ಣು ಕಾಣಲ್ವಾ?"

ನಿವೇದಿತಾ ಒಂದು ಹೆಜ್ಜೆ ಹಿಂದೆ ಸರಿಯದಿದ್ದರೆ ಇಬ್ಬರಿಗೂ ಹಣೆ ಹಣೆ ಡಿಕ್ಕಿಯಾಗುತ್ತಿತ್ತು! ಪೀಣ್ಯದ ಆ ಪುಟ್ಟ ಪಾರ್ಕಿನಲ್ಲಿ ಎಲ್ಲರೂ ಗುಡಿಗೆ ಪ್ರದಕ್ಷಿಣೆ ಬಂದ ಹಾಗೆ ಒಂದೇ ಕಡೆಗೆ ಸುತ್ತುತ್ತಿದ್ದರೆ, ಈ ಮನುಷ್ಯ ಮಾತ್ರ ಎದುರಿನಿಂದ ಬರುತ್ತಿದ್ದ.

"ಸಾರಿ ಮೇಡಂ," ಎಂದು ನಕ್ಕ. ನಕ್ಕು... ಮತ್ತೆ ಉಲ್ಟಾನೇ ಹೊರಟ!

'ಎಂಥಾ ಆಸಾಮಿ ಇವನು!'

ಅದು 1996. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಹೆಂಗಸೊಬ್ಬಳು ನಡೆದರೆ ಜನ ತಿರುಗಿ ತಿರುಗಿ ನೋಡುತ್ತಿದ್ದ ಕಾಲ. ನೋಡಲಿ ಬಿಡಿ! ನಿವೇದಿತಾಗೆ ನಡೆಯದೆ ಬೇರೆ ದಾರಿಯಿರಲಿಲ್ಲ. ವಿಚ್ಛೇದನವಾಗಿ ಎರಡು ವರ್ಷ. ಫ್ಯಾಕ್ಟರಿಯೊಂದರ ಅಕೌಂಟ್ಸ್ ಕೆಲಸ, ಐದು ವರ್ಷದ ಮಗಳು ಸ್ಫೂರ್ತಿ, ಇದರ ಮೇಲೆ ಈ ವಯಸ್ಸಿಗೇ ಬಿ.ಪಿ.

"ನೀವು ಹಾಸಿಗೆ ಹಿಡಿದರೆ ಆ ಮಗೂನ ನೋಡ್ಕೊಳ್ಳೋರು ಯಾರಮ್ಮಾ?" ಎಂದು ಡಾಕ್ಟರು ಗದರಿದ್ದರು.

ಆಫೀಸು ಬಿಟ್ಟ ಮೇಲೆ, ಕುಕ್ಕರ್ ಇಡುವ ಮುಂಚೆ, ಅವಳಿಗೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಪಾರ್ಕಿನ ನಡುವೆ ಉಯ್ಯಾಲೆಯಲ್ಲಿ ಸ್ಫೂರ್ತಿ, ಸುತ್ತಲಿನ ದಾರಿಯಲ್ಲಿ ಇವಳು. ದಿನವಿಡೀ ಅವಳದೇ ಅಂತ ಇದ್ದದ್ದು ಅದಿಷ್ಟೇ. ಈಗ ಅದರಲ್ಲೂ ತಲೆಗೊಂದು ಹುಳ!

ಯಾಕೆ ಉಲ್ಟಾ ಸುತ್ತುತ್ತಾನೆ? ಹರಕೆಯಾ? ಬೆಟ್ ಕಟ್ಟಿದ್ದಾನಾ? ಅಥವಾ ಬರೀ ಹಟವಾ?

ಮನೆ ಓನರ್ ಚಿಕ್ಕಮುನಿಯಮ್ಮನವರ ಬಳಿ ಉತ್ತರ ಸಿದ್ಧವಾಗಿತ್ತು. "ಅಷ್ಟೂ ಗೊತ್ತಾಗಕಿಲ್ವಾ ಮಗಾ? ನಿನ್ನ ಇಂದೆ ಬಂದ್ರೆ ಬೆನ್ನು ತಾನೇ ಕಾಣಾದು? ಮಕ ನೋಡಾಕೆ ಅಂಗೆ ತಿರುಗ್ತಾನೆ!"

ನಿವೇದಿತಾ ಕೆಂಪಾದಳು. ಮರುದಿನ ಬೇಕೆಂದೇ ಬಿಗುಮಾನದಿಂದ ನಡೆದಳು. ಆದರೆ ಎದುರಿನಿಂದ ಬರುವವರು ಒಂದು ಸುತ್ತಿಗೆ ಎರಡು ಸಲ ಸಿಗುತ್ತಾರೆ. ಎಷ್ಟು ಸಲ ಅಂತ ಮುಖ ಗಂಟಿಕ್ಕಿಕೊಳ್ಳುವುದು? ವಾರ ಕಳೆಯುವುದರಲ್ಲಿ ಸಣ್ಣ ನಗು ಶುರುವಾಯಿತು. ಹೆಸರು ಶಿವಶಂಕರ್, ಲೋಹದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್, ಹೆಂಡತಿ ತೀರಿಕೊಂಡಿದ್ದಾರೆ ಎನ್ನುವುದೆಲ್ಲ ಮಕ್ಕಳ ಬಾಯಿಂದ ತಿಳಿಯಿತು. ಅವನ ಮಗಳು ಯಮುನಾ, ಸ್ಫೂರ್ತಿಯ ಉಯ್ಯಾಲೆ ಗೆಳತಿ.

ತಿರುವಿನಲ್ಲಿ ಅವನು ಕಾಣುವ ಮೊದಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದೇನೆ ಅಂತ ಗೊತ್ತಾದ ದಿನ ನಿವೇದಿತಾ ತನ್ನನ್ನೇ ಬೈದುಕೊಂಡಳು. ಆದರೂ ಮನಸ್ಸಿಗೆ ಹಿತವಾಗಿತ್ತು.

ಹೀಗಿರುವಾಗ ಒಂದು ಸಂಜೆ ಅವನು ಬೆಂಚಿನ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದ. ಎಲ್ಲಿಲ್ಲದ ಧೈರ್ಯ ಮಾಡಿ ಪಕ್ಕಕ್ಕೆ ಹೋಗಿ ನಿಂತಳು.

"ಸುಸ್ತಾಯ್ತಾ? ನಾಳೆ ನಮ್ಮನೆಗೆ ಕಾಫಿಗೆ ಬರ್ತೀರಾ? ಯಮುನಾನೂ ಕರ್ಕೊಂಡು..."

ಅವನು ತಲೆಯೆತ್ತಲಿಲ್ಲ. ಲೇಸ್ ಬಿಗಿದು, ಎದ್ದು, ನಡೆದೇಬಿಟ್ಟ!

ನಿವೇದಿತಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. 'ಮುಖ ನೋಡೋಕೆ ಬೇಕು, ಮಾತಿಗೆ ಬೇಡ... ಡೈವೋರ್ಸಿ ಅಂತ ತಾನೇ?'

ಮರುದಿನದಿಂದ ವಾಕಿಂಗ್ ತಾರಸಿಗೆ ಬಂತು. ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು, ಚಿಕ್ಕಮುನಿಯಮ್ಮನವರ ಸಂಡಿಗೆ... ನಾಲ್ಕು ಹೆಜ್ಜೆಗೊಮ್ಮೆ ತಿರುಗಬೇಕು. ಮೂರೇ ದಿನಕ್ಕೆ ಅದೂ ನಿಂತಿತು. ಮೆಟ್ಟಿಲು ಹತ್ತಿದರೆ ಮತ್ತೆ ಏದುಸಿರು. ಮುಂದಿನ ಸಲ ಡಾಕ್ಟರು ಬಿ.ಪಿ. ನೋಡಿ ಮಾತ್ರೆ ಹೆಚ್ಚಿಸಿದರು.

"ಅಮ್ಮಾ, ನೀನು ಆಸ್ಪತ್ರೆಗೆ ಹೋದ್ರೆ ನಾನು ಯಾರ ಮನೇಲಿರ್ಲಿ?" ಅಂದಳು ಸ್ಫೂರ್ತಿ.

ನಿವೇದಿತಾ ಶೂ ಹುಡುಕಿ ಹಾಕಿಕೊಂಡಳು. ಯಾವನೋ ಒಬ್ಬನಿಗಾಗಿ ತನ್ನ ಅರ್ಧ ಗಂಟೆ ಬಿಟ್ಟುಕೊಡಬೇಕಾ? ಮುಖದ ಮೇಲೇ ಕೇಳಿಬಿಡುವುದು!

ಶಿವಶಂಕರ್ ಉಯ್ಯಾಲೆಯ ಹತ್ತಿರ ನಿಂತು ಮಗಳನ್ನು ತೂಗುತ್ತಿದ್ದ. ನಿವೇದಿತಾ ಸೀದಾ ಪಕ್ಕಕ್ಕೆ ಹೋದಳು.

"ನೀವು ನನ್ನ ಏನಂದ್ಕೊಂಡಿದ್ದೀರಿ? ಒಂದು ಕಾಫಿಗೆ ಕರೆದಿದ್ದಕ್ಕೆ ಅಷ್ಟೊಂದು ಜಂಬಾನಾ?"

ಅವನು ತಿರುಗಲೇ ಇಲ್ಲ! ಅವಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಯಮುನಾ ಉಯ್ಯಾಲೆಯಿಂದ ಜಿಗಿದು ಅವಳ ಸೆರಗು ಹಿಡಿದು ಎಳೆದಳು.

"ಆಂಟಿ, ಅಪ್ಪಂಗೆ ಆ ಕಡೆ ಕಿವಿ ಕೇಳ್ಸಲ್ಲ. ಈ ಕಡೆ ಬಂದು ಬೈಯಿರಿ!"

ಮಗಳ ದನಿಗೆ ಅವನು ತಿರುಗಿ ನೋಡಿದ.

"ಮೇಡಂ! ನೀವಾ?" ಶಿವಶಂಕರನ ಮುಖ ಅರಳಿತು. ಮಗಳು ಹೇಳಿದ್ದು ತಿಳಿದು ನಾಚಿಕೊಂಡ. "ಹದಿನೈದು ವರ್ಷ ಪ್ರೆಸ್ ಸದ್ದಿನಲ್ಲೇ ನಿಂತು ಬಲಗಿವಿ ಪೂರ್ತಿ ಹೋಗಿದೆ. ಹೇಳ್ಕೊಳ್ಳೋಕೆ ಒಂಥರಾ... ನೀವು ಏನಾದ್ರೂ ಅಂದಿದ್ರಾ?"

ಅವಳ ಕಣ್ಣು ಉಯ್ಯಾಲೆಯ ಮೇಲಿತ್ತು, ಆಮೇಲೆ ಸುತ್ತಲಿನ ದಾರಿಯ ಮೇಲೆ.

"ಹಾಗಾದ್ರೆ ನೀವು ಉಲ್ಟಾ ಸುತ್ತೋದು..."

"ಎಲ್ಲರ ಹಾಗೆ ಸುತ್ತಿದ್ರೆ ಉಯ್ಯಾಲೆ ನನ್ನ ಬಲಗಡೆಗೆ ಬರುತ್ತೆ ಮೇಡಂ. ಇವಳು ಬಿದ್ದು ಅತ್ತರೂ ಕೇಳ್ಸಲ್ಲ. ಬೆನ್ನು ನೋವಿಗೆ ನಡೀಲೇಬೇಕು. ಬೆಳಿಗ್ಗೆ ಇವಳ ಜಡೆ, ಡಬ್ಬಿ, ಸ್ಕೂಲು. ಸಿಗೋದು ಈ ಅರ್ಧ ಗಂಟೆ ಒಂದೇ."

ಅಯ್ಯೋ! ಅದೇ ಅರ್ಧ ಗಂಟೆ... ಇಬ್ಬರದೂ ಒಂದೇ ಪಾಡು. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

"ಕಾಫಿಗೆ ಕರೆದಿದ್ದೆ," ಅಂದಳು ಮೆಲ್ಲಗೆ.

"ಛೇ! ನೀವು ಬರದೇ ಇದ್ದ ದಿನಗಳಲ್ಲಿ ಒಂದೊಂದು ಸುತ್ತೂ ಮುಗೀತಾನೇ ಇರಲಿಲ್ಲ. ಎದುರಿಗೆ ನೀವು ಬರ್ತೀರಿ ಅಂತಾನೇ ನಾನು ನಡೀತಿದ್ದೆ."

"ಇನ್ಮೇಲೆ ಎದುರಿಗೆ ಬರಲ್ಲ," ಎಂದಳು. ಅವನ ಮುಖ ಬಾಡಿತು. "ಜೊತೆಗೆ ನಡೀತೀನಿ, ಉಲ್ಟಾನೇ!"

ಮಕ್ಕಳು ಉಯ್ಯಾಲೆಗೆ ಓಡಿದರು. ನಿವೇದಿತಾ ಅವನ ಬಲಗಡೆಗೆ ಬಂದಳು. "ಈ ಕಡೆಯದ್ದೆಲ್ಲ ನಾನು ಕೇಳಿಸ್ಕೋತೀನಿ."

"ಬೇಡ. ಎಡಗಡೆ ಬನ್ನಿ."

"ಮಕ್ಕಳ ಧ್ವನಿಗೆ ಅಡ್ಡ ಆಗ್ತೀನಲ್ಲ?"

"ಮಕ್ಕಳು ಅತ್ತರೆ ನೀವು ಹೇಳ್ತೀರಿ. ನೀವು ಮಾತಾಡಿದ್ದು ನನಗೆ ಕೇಳಬೇಕು."

ಅವಳ ಎದೆ ಹೊಡೆದುಕೊಂಡಿತು. ಬಿ.ಪಿ.ಗಂತೂ ಅಲ್ಲ!

"ಹಸೆಮಣೆ ಮೇಲೆ ಗಂಡನ ಎಡಗಡೆ ಯಾರು ಕೂರ್ತಾರೆ, ಗೊತ್ತು ತಾನೇ?"

"ಗೊತ್ತು ನಿವೇದಿತಾ. ಗೊತ್ತಿದ್ದೇ ಕರೀತಿದ್ದೀನಿ."

ಅವಳು ಸುತ್ತಿ ಬಂದು ಅವನ ಎಡಗಡೆ ನಿಂತಳು. ತನಗೇ ಕೇಳಿಸದಷ್ಟು ಮೆಲ್ಲಗೆ, "ಹೂಂ," ಎಂದಳು.

"ಏನಂದ್ರಿ?"

"ಕೇಳಿಸಲಿಲ್ವಾ?"

"ಕೇಳಿಸ್ತು... ಇನ್ನೊಂದು ಸಲ ಕೇಳೋ ಆಸೆ!"