ಅಬ್ಬಾನ ಹಗುರ ಕಾರು

“ಹಿಂದಿನ ಸೀಟೂ ಬಿಚ್ಚೋ!”

ಅಬ್ಬಾ ಕೂಗಿದ್ದೇ ತಡ, ಮೆಕ್ಯಾನಿಕ್ ಬುಡನಸಾಬ ಕಾರಿನೊಳಗೆ ತಲೆ ತೂರಿಸಿದ. ಒಳಗೆ ಕಿರ್ರ್ ಎಂದಿತು, ಟಣ್ ಎಂದಿತು. ಸೀಟು ಹೊರಗೆ ಬಂದು ಅಂಗಳದಲ್ಲಿ ಧೊಪ್ಪನೆ ಬಿತ್ತು. ಅದರ ಸಂದಿಯಿಂದ ಒಂದು ಪೆನ್ಸಿಲ್, ಒಂದು ಬಳೆ, ಅರ್ಧ ಪೆಪ್ಪರಮಿಂಟು ಉದುರಿದವು. ಮೂರೂ ಮಗಳು ಹಸೀನಾಳವೇ.

“ಸೀಟ್ ಯಾಕ ತಗಸಾಕತ್ತೀರಿ ಅಬ್ಬಾ?”

“ಭಾರ ಕಡಿಮಿ ಆದಷ್ಟೂ ಪೆಟ್ರೋಲ್ ಉಳೀತೈತಿ. ಮೈಲೇಜ್, ಮೈಲೇಜ್!”

ಆ ವರ್ಷ ಎಲ್ಲೋ ಗಲ್ಫ್‌ನಲ್ಲಿ ಯುದ್ಧ ಶುರುವಾಗಿ ಇಲ್ಲಿ ಪೆಟ್ರೋಲ್ ತುಟ್ಟಿಯಾಗಿತ್ತು. ಅಬ್ಬಾ ಕುತುಬುದ್ದೀನರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ, ಅದರ ಹಿಂದೆಯೇ ಮನೆ. ಅಂಗಳದ ಹಳೇ ಪುಟ್ಟ ಕಾರಿನ ಮೇಲೆ ಅವರದು ದಿನಕ್ಕೊಂದು ಪ್ರಯೋಗ. ಮೊದಲು ಮೇಲಿನ ಕ್ಯಾರಿಯರ್ ಹೋಯಿತು. ಆಮೇಲೆ ಕಾರ್ಬುರೇಟರಿಗೆ ಪೆಟ್ರೋಲ್ ಕಡಿಮೆ ಬಿಡುವ ಸಣ್ಣ ಜೆಟ್ ಬಂತು. ಅಂದಿನಿಂದ ಕಾರು ಏರು ಕಂಡರೆ ಕೆಮ್ಮತೊಡಗಿತು. ಇಳಿಜಾರು ಬಂದರೆ ಅಬ್ಬಾ ಎಂಜಿನ್ ಬಂದ್ ಮಾಡಿ, “ನೋಡ್ರಿ, ಪುಕ್ಕಟೆ ಹೊಂಟೈತಿ!” ಎಂದು ಮೀಸೆಯಲ್ಲೇ ನಗುತ್ತಿದ್ದರು. ಸ್ಟೆಪ್ನಿ ಗಾಲಿಯೂ ಹಿತ್ತಲು ಸೇರಿತ್ತು. ಈಗ ಅದರ ಗುಂಡಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

“ಹಂಗಾದ್ರ ನಾಳೆ ಮೇಡ್ಲೇರಿಗೆ ಹೆಂಗ ಹೋಗೂದು?” ಹಸೀನಾ ಕೇಳಿದಳು.

ಮೇಡ್ಲೇರಿ ಅಬ್ಬಾನ ತಾಯಿ ದಾದಿಮಾನ ತವರು. ಅಲ್ಲಿ ಅವಳ ತಂಗಿಯ ಮೊಮ್ಮಗಳ ಮದುವೆ. ಅಮ್ಮಿ ಕೆಲಸಕ್ಕೆ ಆಗಬೇಕೆಂದು ಆಗಲೇ ಹೋಗಿದ್ದಳು.

“ನಾನೂ ದಾದಾಪೀರನೂ ಕಾರ್ನ್ಯಾಗ ಹೋಗ್ತೇವಿ. ನೀನೂ ದಾದಿಮಾನೂ ಬಸ್ಸಿಗೆ ಬರ್ರಿ. ರಾಣೆಬೆನ್ನೂರಾಗ ಇಳದು ಇನ್ನೊಂದು ಬಸ್ ಹತ್ತಿದ್ರ ಆತು.”

“ಮುಂದಿನ ಸೀಟ್ ನಂದು!” ಅಣ್ಣ ದಾದಾಪೀರ ನಾಲಿಗೆ ಚಾಚಿ ಅಣಕಿಸಿದ.

ದಾದಿಮಾ ಅಂಗಳದಲ್ಲಿ ಬಿದ್ದಿದ್ದ ಸೀಟಿನ ಮೇಲೆ ಮೊಣಕಾಲು ಹಿಡಿದುಕೊಂಡು ಕೂತಳು. ಬಸ್ಸಿನ ಮೆಟ್ಟಿಲೆಂದರೆ ಆ ಮೊಣಕಾಲಿಗೆ ಗುಡ್ಡವೇ. “ಆಗ್ಲೇಳಪಾ. ನಾನಿಲ್ದಿದ್ರ ಏನು ಮದುವಿ ನಿಲ್ಲತೈತೇನು?” ಎಂದಳು. ಟ್ರಂಕಿನಿಂದ ತೆಗೆದಿಟ್ಟಿದ್ದ ಹಸಿರು ಸೀರೆಯನ್ನು ಮತ್ತೆ ಮಡಚತೊಡಗಿದಳು.

ಹಸೀನಾಳ ಮೂಗು ಕೆಂಪಾಯಿತು. ಭಾರ ಇಳಿಸುವುದು ಅಂದರೆ ಮೊದಲು ಕ್ಯಾರಿಯರ್, ಆಮೇಲೆ ಸ್ಟೆಪ್ನಿ, ಆಮೇಲೆ ದಾದಿಮಾ! ಅಣ್ಣ ಮಾತ್ರ ಹತ್ತಿಯಷ್ಟು ಹಗುರವೋ?

“ಅಬ್ಬಾ, ನೀವು ತೂಕಾ ಮಾಡದ ಲೆಕ್ಕಾ ಹೇಳಾಕತ್ತೀರಿ,” ಎಂದಳು.

ಅಬ್ಬಾನ ಕಿವಿ ನೆಟ್ಟಗಾಯಿತು. ಬ್ಯಾಡಗಿ ವ್ಯಾಪಾರಿಗೆ ಹೀಗಂದರೆ ಬೈದ ಹಾಗೆ. “ಏ ಹುಡುಗಿ! ತೂಕಾ ಮಾಡದ ನಾ ಯಾವಾಗ ಮಾತಾಡೇನಿ?”

“ಹಂಗಾದ್ರ ನಡೀರಿ, ತೂಗೂಣು.”

ಅಂಗಡಿಯ ತೊಲೆಗೆ ಚೀಲ ತೂಗುವ ದೊಡ್ಡ ತಕ್ಕಡಿ ಜೋತಾಡುತ್ತಿತ್ತು. ಒಂದು ಪರಡಿಯಲ್ಲಿ ಸೀಟನ್ನು ಇಟ್ಟರು, ಇನ್ನೊಂದರಲ್ಲಿ ದಾದಾಪೀರ ಕೂತ. ಅವನ ಪರಡಿ ಧಡ್ ಎಂದು ನೆಲ ಕಚ್ಚಿತು. ಚೀಲ ಹೊರುತ್ತಿದ್ದ ಹಮಾಲರು ಕೆಲಸ ಬಿಟ್ಟು ಬಂದು ಸುತ್ತ ನಿಂತರು.

“ಈಗ ನೀವು ಕುಂದ್ರಿ ಅಬ್ಬಾ.”

ಅಬ್ಬಾ ಕೂತರು. ತಕ್ಕಡಿಯ ಹಗ್ಗ ಕಿರುಗುಟ್ಟಿತು. ಎದುರಿನ ಪರಡಿಯನ್ನು ಹಮಾಲರು ಜಗ್ಗಿ ಹಿಡಿದರು. ದಾದಿಮಾ ನಾಚಿಕೊಂಡು ಅದರಲ್ಲಿ ಕೂತಳು. ಹಸೀನಾ ಅವಳ ಪಕ್ಕಕ್ಕೆ ಜಿಗಿದಳು. ಸೀಟನ್ನೂ ಇಬ್ಬರ ತೊಡೆಯ ಮೇಲೆ ಇಟ್ಟರು. ಹಮಾಲರು ಕೈ ಬಿಟ್ಟರು. ದಾದಿಮಾ, ಹಸೀನಾ, ಸೀಟು ಮೂವರೂ ಸುಂಯ್ಯೆಂದು ಮೇಲೇರಿದರು!

“ಯಾ ಅಲ್ಲಾ! ಜೋಕಾಲಿ!” ದಾದಿಮಾ ಕಿರುಚಿ, ಆಮೇಲೆ ಸಣ್ಣ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕಳು.

ಅಬ್ಬಾ ನೆಲದಲ್ಲೇ ಕೂತಿದ್ದರು. ಹಸೀನಾ ಮೇಲಿನಿಂದ ಬಗ್ಗಿ ಕೇಳಿದಳು, “ಪೆಟ್ರೋಲ್ ಉಳೀಬೇಕಂದ್ರ ಯಾರ್‍ನ ಇಳಸಬೇಕ್ರಿ ಅಬ್ಬಾ?”

“ಕಾರ್ ಯಾರು ಹೊಡೀತಾರ? ನಿಮ್ಮ ದಾದಿಮಾನೇನು?” ಅಬ್ಬಾ ಗುರುಗುಟ್ಟಿದರು.

ಎಲ್ಲರ ಕಣ್ಣೂ ಬುಡನಸಾಬನ ಕಡೆ ತಿರುಗಿದವು. ಅವನು ಸೈಕಲ್ಲಿನ ಕಡ್ಡಿಯಷ್ಟು ತೆಳ್ಳಗಿದ್ದ.

“ಸಾವ್ಕಾರ್‍ರ, ತಕ್ಕಡಿ ನಿಂತ ಮ್ಯಾಲ ತಕರಾರ ಇಲ್ಲಂತ ನೀವ ದಿನಾ ರೈತರಿಗೆ ಹೇಳ್ತೀರಲ್ರಿ,” ಎಂದ ಒಬ್ಬ ಹಮಾಲ. ಇಡೀ ಅಂಗಡಿ ಗೊಳ್ಳೆಂದಿತು. ಮೆಣಸಿನಕಾಯಿಗಳಿಗಿಂತ ಅಬ್ಬಾನ ಮುಖವೇ ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ಅಬ್ಬಾ, ಅಣ್ಣ ಮೊದಲೇ ಬಸ್ ಸ್ಟ್ಯಾಂಡಿಗೆ ಹೋದರು. ಯಾಕೋ ಹಿತ್ತಲಿನ ಕೋಳಿಗಳು ಅಂಗಳದ ತುಂಬ ಕೂಗಾಡುತ್ತಿದ್ದವು. ಹಸೀನಾಳಿಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಸೀಟು ಮತ್ತೆ ಕಾರು ಸೇರಿತ್ತು. ಅದರ ಮೇಲೆ ದಾದಿಮಾ ಹಸಿರು ಸೀರೆ ಉಟ್ಟು ಕಾಲು ಚಾಚಿ ಕೂತಿದ್ದಳು. ಸ್ಟೇರಿಂಗ್ ಹಿಡಿದವನು ಬುಡನಸಾಬ. ಪಕ್ಕದಲ್ಲಿ, ಅಣ್ಣ ತನ್ನದೆಂದಿದ್ದ ಮುಂದಿನ ಸೀಟಿನಲ್ಲಿ, ಹಸೀನಾ!

ಮೋಟೆಬೆನ್ನೂರು ದಾಟಿ ಹೈವೇಗೆ ಬಂದಾಗ ಮುಂದೆ ಬಸ್ಸು ಕಂಡಿತು. ಹಿಂದಿನ ಗಾಜಿಗೆ ಮೂಗು ಒತ್ತಿ ನಿಂತಿದ್ದ ದಾದಾಪೀರ. ಹಸೀನಾ ಉದ್ದಕ್ಕೆ ನಾಲಿಗೆ ಚಾಚಿದಳು. ಅವನ ಪಕ್ಕದಲ್ಲಿ ಅಬ್ಬಾ. ಗದ್ದಲದಲ್ಲಿ ನಿಲ್ಲಲೂ ಜಾಗವಿಲ್ಲ. ಎರಡೂ ಕೈಯಲ್ಲಿ ಏನೋ ಕರ್‍ರಗಿನ ಗುಂಡನೆಯದನ್ನು ಅಪ್ಪಿಕೊಂಡಿದ್ದರು.

“ಅಯ್ಯ, ಸ್ಟೆಪ್ನಿ!”

ಬುಡನಸಾಬ ನಕ್ಕ. “ದಾರ್‍ಯಾಗ ಪಂಕ್ಚರ್ ಆದ್ರ ಅವ್ವಾರು ಬಿಸಲಾಗ ಕುಂದ್ರಬೇಕಲ್ಲೋ ಅಂದ್ರವಾ ನಿಮ್ಮ ಅಬ್ಬಾ ಮುಂಜಾನೆ. ಹಂಗಾದ್ರ ಡಿಕ್ಕ್ಯಾಗ ಹಾಕೂಣ್ರಿ ಅಂದ್ನಿ. ಬ್ಯಾಡ, ಕಾರಿಗೆ ಭಾರ ಆಗತೈತಿ, ನಾನ ಬಸ್ನ್ಯಾಗ ತರ್ತೇನಿ ಅಂದ್ರು!”

ಹಸೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಸ್ಸು ಒಮ್ಮೆ ಎತ್ತಿಹಾಕಿತು. ಅಬ್ಬಾ ವಾಲಿದರು. ಆದರೂ ಗಾಲಿ ಬಿಡಲಿಲ್ಲ. ಹಸೀನಾಳ ನಗು ಅಲ್ಲಿಗೇ ನಿಂತಿತು.

“ದಾದಿಮಾ, ಅವರ್‍ನ ಹತ್ತಿಸ್ಕೊಳ್ಳೂಣೇನು?”

ದಾದಿಮಾ ಸೆರಗು ಸರಿಮಾಡಿಕೊಂಡಳು. “ತಡಿ, ರಾಣೆಬೆನ್ನೂರತನಾ ನಿಂತು ಬರ್ಲಿ.”

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಅಬ್ಬಾ ಬೆವರುತ್ತ ಇಳಿದರು. ಎದುರಿಗೆ ಕಾರು ನಿಂತಿತ್ತು. ಹಸೀನಾ ಮುಂದಿನ ಸೀಟು ಅಣ್ಣನಿಗೆ ಬಿಟ್ಟಳು. ಹಿಂದೆ ಹೋಗಿ ದಾದಿಮಾನ ಮಗ್ಗುಲಿಗೆ ಒತ್ತಿ ಕೂತಳು.

“ಭಾರ ಆಗತೈತಿ,” ಅಬ್ಬಾ ಮೆಲ್ಲಗೆ ಅಂದರು.

ಹಸೀನಾ ಇನ್ನೂ ಸ್ವಲ್ಪ ಸರಿದಳು.

ಅಬ್ಬಾ ಅವಳ ಪಕ್ಕ ಕೂತು ತೊಡೆಯ ಮೇಲೆ ಸ್ಟೆಪ್ನಿ ಇಟ್ಟುಕೊಂಡರು. ಕಾರು ಉಸ್ಸೆಂದು ಕುಸಿಯಿತು, ಕೆಮ್ಮಿತು, ಆದರೂ ಹೊರಟಿತು. ಅವರ ಟೋಪಿಗೆ ಒಂದು ಕೋಳಿಪುಕ್ಕ ಅಂಟಿಕೊಂಡಿತ್ತು. ಹಸೀನಾ ಅದನ್ನು ಮೆಲ್ಲಗೆ ತೆಗೆದು ಕಿಟಕಿಯಾಚೆ ಬಿಟ್ಟಳು.

“ಈಗ ಭಾರ ಕಡಿಮಿ ಆತ್ ನೋಡ್ರಿ ಅಬ್ಬಾ,” ಎಂದಳು.